ಮೂರನೇ ವೈರು

ಹಾಡು ಅಂದರೆ ನನ್ನ ಗಂಡನಿಗೆ ಹುಚ್ಚು. ಚನ್ನಗಿರಿಯ ಅಡಿಕೆ ಮಂಡಿಯಲ್ಲಿ ದಿನವಿಡೀ ಗದ್ದಲ ಕೇಳಿ ಬರುವ ಮನುಷ್ಯ, ಮನೆಗೆ ಬಂದು ಇನ್ನೊಂದು ಗದ್ದಲ ಹಚ್ಚುತ್ತಾರೆ. ಪಡಸಾಲೆಯ ಮೂಲೆಯಲ್ಲಿ ಸ್ಟೀಲ್ ಮೈಯ ದೊಡ್ಡ ಆಂಪ್ಲಿಫೈಯರ್ ಇದೆ. ನಮ್ಮ ಬಾಯಲ್ಲಿ ಅದು ಆಂಪ್ಲಿ. ಮಳೆಗಾಲಕ್ಕೆ ಮುಂಚೆ ಅದರ ವೈರನ್ನು ಇಲಿ ಕಡಿದು ಹಾಕಿತು. ಹೊಸದು ತನ್ನಿ ಅಂದರೆ ಇವರು ಅಟ್ಟದ ಮೇಲಿದ್ದ ಕೆಟ್ಟ ಟೇಬಲ್ ಫ್ಯಾನಿನ ವೈರು ಕತ್ತರಿಸಿ ತಂದು, ಗಂಟು ಹಾಕಿ, ಕರಿ ಟೇಪು ಸುತ್ತಿದರು. ಆಂಪ್ಲಿಯ ಕಡೆ ಮೂರು ಎಳೆ, ಫ್ಯಾನಿನ ಕಡೆ ಎರಡೇ. ಮಿಕ್ಕ ಹಸಿರು ಎಳೆಯನ್ನು ಮಡಚಿ ಟೇಪಿನೊಳಗೆ ತುರುಕಿದರು.

"ಅದಕ್ಕೇನೂ ಕೆಲಸ ಇಲ್ಲ, ಸುಮ್ನೆ ಇರ್ತೈತೆ" ಅಂದರು.

ನನಗೆ ಮೈ ಉರಿಯಿತು. ತಬಲದ ಸದ್ದು ಯಾವ ಮೂಲೆಯಿಂದ ಬರಬೇಕು ಅಂತ ಬಂದವರಿಗೆಲ್ಲ ಭಾಷಣ ಬಿಗಿಯುವವರಿಗೆ ಒಂದು ವೈರು ತರಲು ಪುರುಸೊತ್ತಿಲ್ಲ. ಟೇಪು ಸುತ್ತಿದ ಜಾಗ ಮುಟ್ಟಿದರೆ ಬಿಸಿ ಬೇರೆ. ಕೊನೆಗೆ ನಾನೇ ತರುತ್ತೇನೆ ಅಂತ ಎದ್ದೆ.

ಅಡ್ಡ ಬಂದವರು ನಮ್ಮ ಅತ್ತೆ. "ವೈರ್ ಚೆನ್ನಾಗೇ ಐತಲ್ಲವ್ವ. ಅದರ ತಂಟೆಗೆ ಹೋಗಬ್ಯಾಡ" ಅಂದರು. ನನಗೆ ವಿಚಿತ್ರ ಅನಿಸಿತು. ಬೆಳಿಗ್ಗೆ ಸ್ನಾನ ಮುಗಿಸಿ ಸಣ್ಣಗೆ ವಚನ ಹಚ್ಚುವುದು ಬಿಟ್ಟರೆ ಆಂಪ್ಲಿಗೂ ಅವರಿಗೂ ಸಂಬಂಧವೇ ಇರಲಿಲ್ಲ. ಅವರ ಚಿಂತೆಯೆಲ್ಲ ಎಡಗೈದು. ಅದರ ಬೆರಳುಗಳು ಜೋಮು ಹಿಡಿದು, ಲೋಟ ಹಿಡಿದರೂ ಜಾರುತ್ತಿತ್ತು. ದಾವಣಗೆರೆಯಲ್ಲಿ ಕೈಗೆ ಸಣ್ಣಗೆ ಕರೆಂಟ್ ಕೊಡುವ ಡಾಕ್ಟರ ಹತ್ತಿರ ಕೆಲವು ಸಲ ಕರೆದುಕೊಂಡು ಹೋಗಿದ್ದೆವು. ಆಮೇಲೆ ಅತ್ತೆಯೇ, "ಈಗ ಗುಣ ಐತೆ, ಸಾಕು" ಅಂದಿದ್ದರು. ನಾವೂ ಸದ್ಯ ಅಂದುಕೊಂಡು ಸುಮ್ಮನಾಗಿದ್ದೆವು.

ಅತ್ತೆಯ ಮಾತು ಕೇಳದೆ ಹೊರಟೇಬಿಟ್ಟೆ. ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿಯವನು ತೆಳ್ಳಗಿನ ಎರಡು ಪಿನ್ನಿನ ವೈರು ತೆಗೆದು ಮುಂದಿಟ್ಟ. "ಮನೆ ಸೆಟ್ಟಿಗೆ ಇಷ್ಟು ಸಾಕು ಬಿಡ್ರಿ ಅಕ್ಕ."

ಆಂಪ್ಲಿಯ ಹಿಂಭಾಗದ ಫೋಟೋ ಹೊಡೆದುಕೊಂಡೇ ಹೋಗಿದ್ದೆ. ಅಲ್ಲಿ ವೈರು ಸಿಕ್ಕಿಸುವ ಜಾಗದಲ್ಲಿ ಮೂರು ಕಡ್ಡಿ ಇರುವುದನ್ನು ತೋರಿಸಿದೆ. ಮೂರು ಪಿನ್ನಿಂದು, ಒಳಗೆ ಮೂರು ಎಳೆ ಇರುವಂಥದು, ದಪ್ಪಂದು, ಐಎಸ್ಐ ಗುರುತು ಇರುವಂಥದು ಬೇಕು ಅಂದೆ. ಆಂಪ್ಲಿಯ ಮೇಲೆ ಬರೆದ ಆಂಪಿಯರಿಗಿಂತ ವೈರಿನದು ಕಡಿಮೆ ಇರಬಾರದು ಅಂತ ಅದನ್ನೂ ಓದಿಸಿದೆ. ಅವನು ಗೊಣಗುತ್ತಾ ಒಳಗಿಂದ ತಂದುಕೊಟ್ಟ. ಗೆದ್ದ ಖುಷಿಯಲ್ಲಿ ಮನೆಗೆ ಬಂದೆ.

ಪಡಸಾಲೆಯಲ್ಲಿ ಸಣ್ಣಗೆ ವಚನ ಕೇಳುತ್ತಿತ್ತು. ಆಗಷ್ಟೇ ಒರೆಸಿದ ನೆಲದ ಮೇಲೆ ಬರಿಗಾಲು ಊರಿ ಅತ್ತೆ ಮಣೆಯ ಮೇಲೆ ಕೂತಿದ್ದರು. ಎಡಗೈಗೆ ಒದ್ದೆ ಬಟ್ಟೆ ಸುತ್ತಿಕೊಂಡು, ಆ ಕೈಯನ್ನು ಆಂಪ್ಲಿಯ ಸ್ಟೀಲ್ ಮೈ ಮೇಲೆ ಇಟ್ಟು, ಕಣ್ಣು ಮುಚ್ಚಿದ್ದರು.

"ಅತ್ತೆ, ಏನ್ ಮಾಡ್ತಿದೀರಿ?"

"ಕರೆಂಟ್ ತಗಂತಿದೀನಿ" ಅಂದರು, ಕಣ್ಣೂ ತೆರೆಯದೆ.

ಅವರನ್ನು ಮುಟ್ಟದೆ ಓಡಿಹೋಗಿ ಗೋಡೆಯ ಸ್ವಿಚ್ ಆರಿಸಿದೆ. ವಚನ ಅರ್ಧಕ್ಕೆ ನಿಂತಿತು. ಅತ್ತೆಗೆ ನನ್ನ ಮೇಲೇ ಸಿಟ್ಟು.

"ದಾವಣಗೇರ್ಯಾಗೆ ಒದ್ದೆ ಬಟ್ಟೆ ಸುತ್ತಿ ಕೊಡ್ತಾರಲ್ಲ, ಹಂಗೇ ಇದೂ. ಇಲ್ಲಿ ಇನ್ನೂ ಚೆನ್ನಾಗಿ ಜುಮ್ ಅಂತೈತೆ. ನಿನ್ ಗಂಡ ಆ ವೈರ್ ಹಾಕಿದ ಮ್ಯಾಲೇ ಶುರುವಾಗಿದ್ದು. ಅದಕ್ಕೇ ಬದಲಾಯಿಸಬ್ಯಾಡ ಅಂದೆ."

ಆಂಪ್ಲಿಯ ಮೈಗೆ ಸೋರಿ ಬರುವ ಕರೆಂಟನ್ನು ಭೂಮಿಗೆ ಇಳಿಸುವುದೇ ಆ ಹಸಿರು ಎಳೆಯ ಕೆಲಸ. ಅದನ್ನು ಇವರು ಟೇಪಿನೊಳಗೆ ಹೂತಿದ್ದರು. ಸೋರಿಕೆ ಇನ್ನೊಂದು ಚೂರು ಹೆಚ್ಚಾಗಿದ್ದರೆ ಅತ್ತೆ ಆ ಮಣೆಯಿಂದ ಏಳುತ್ತಿರಲಿಲ್ಲ. ತಿಂಗಳುಗಟ್ಟಲೆ ಇದು ನಡೆದಿದೆ, ನಾನು ಅದೇ ಹೊತ್ತಿಗೆ ಅಡುಗೆಮನೆಯಲ್ಲಿ ರೊಟ್ಟಿ ತಟ್ಟಿದ್ದೇನೆ.

ಊಟಕ್ಕೆ ಬಂದ ಗಂಡನಿಗೆ ಎಲ್ಲ ಹೇಳಿದೆ. ಪ್ಲಗ್ ಕಿತ್ತು, ಆ ವೈರನ್ನು ಕೈಯಲ್ಲಿ ಹಿಡಿದು ನಿಂತೇ ಇದ್ದರು.

ಅಷ್ಟರಲ್ಲಿ ಅತ್ತೆ, "ಹಂಗಾರೆ ನ್ಯಾಮತಿಗೂ ಬ್ಯಾಡ ಅಂತ ಹೇಳ್ಬೇಕಲ್ಲ" ಅಂದರು.

ನ್ಯಾಮತಿಯಲ್ಲಿ ಇರುವುದು ಅವರ ತಂಗಿ. ಅವರಿಗೂ ಕೈ ಜೋಮು, ಅವರ ಮನೆಯಲ್ಲೂ ಇಂಥದ್ದೇ ಸೆಟ್ಟು. ತಕ್ಷಣ ಫೋನ್ ಹಚ್ಚಿದೆ. ಎಲ್ಲರಿಗೂ ಕೇಳಲಿ ಅಂತ ಸ್ಪೀಕರಿಗೆ ಹಾಕಿದೆ. ಚಿಕ್ಕಮ್ಮನೇ ಎತ್ತಿಕೊಂಡರು. ನೀವೂ ಸೆಟ್ಟಿನ ಮೇಲೆ ಕೈ ಇಡ್ತೀರಾ ಅಂತ ಕೇಳಿದೆ.

"ನಮ್ಮದ್ರಾಗೆ ಒಂಚೂರೂ ಜುಮ್ ಅನ್ನಲ್ಲ ಕಣವ್ವ. ನಿಮ್ಮನ್ಯಾಗೆ ಹಸಿರು ವೈರ್ ತೆಗ್ದಾರೆ, ಅದಕ್ಕೇ ಬರ್ತೈತೆ ಅಂತ ಅಕ್ಕ ಅಂದ್ಲು. ನಮ್ಮದನ್ನೂ ತೆಗೆಸಾಕೆ ಕರೆಂಟಿನವನ್ನ ಕರ್ಸೀನಿ. ಇಲ್ಲೇ ಕುಂತಾನೆ, ಕತ್ತರ್ಸಾಕೆ."

"ಫೋನ್ ಅವನ ಕೈಗೆ ಕೊಡ್ರಿ" ಅಂದೆ. ಕೂಗಿಯೇಬಿಟ್ಟಿದ್ದೆ ಅಂತ ಆಮೇಲೆ ಗೊತ್ತಾಯಿತು.

ಆ ಮನುಷ್ಯ ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, "ನಿಮ್ಮ ಯಜಮಾನ್ರೇ ಹಂಗ್ ಮಾಡ್ಯಾರೆ, ಏನೂ ಆಗಿಲ್ಲ ಅಂತ ಇಲ್ಲಿ ಅಮ್ಮೋರು ಅಂದ್ರು ಅಕ್ಕ. ಅದಕ್ಕೆ ಆಗ್ಲಿ ಅಂತ ಬಂದೆ. ಇನ್ನ ಕತ್ತರ್ಸಲ್ಲ ಬಿಡ್ರಿ" ಅಂದ. ಪಕ್ಕದಲ್ಲಿ ನಿಂತಿದ್ದ ಯಜಮಾನರು ತಲೆ ಎತ್ತಲಿಲ್ಲ.

ಗೋಡೆಯ ಪ್ಲಗ್ಗಿನ ಮೂರನೇ ತೂತಿಗೂ ಅರ್ಥಿಂಗ್ ಸರಿಯಾಗಿದೆಯೇ ಅಂತ ನಮ್ಮೂರಿನ ಎಲೆಕ್ಟ್ರೀಷಿಯನ್ ಬಂದು ನೋಡುವವರೆಗೆ ಹೊಸ ವೈರು ಚೀಲದಲ್ಲೇ ಇತ್ತು. ಸಂಜೆ ಅದನ್ನು ಹಾಕಿದೆವು. ಅತ್ತೆ ದೂರದಿಂದ ನೋಡಿದರು.

"ಅಲ್ಲವ್ವ, ಕೈ ಗುಣ ಆಗಿರಲಿಲ್ಲ ಅಂದ್ರೆ ಹೇಳಾಕೇನಾಗಿತ್ತು? ದಾವಣಗೆರೆಗೆ ಹೋಗಬಹುದಿತ್ತಲ್ಲ" ಅಂದರು ಗಂಡ.

ಅತ್ತೆ ಬೆರಳು ನೀವಿಕೊಳ್ಳುತ್ತಾ, "ಕರ್ಕಂಡು ಹೋಗಾಕೆ ನೀವಿಬ್ರೂ ನೀನ್ ಹೋಗು, ನೀನ್ ಹೋಗು ಅಂತ ಕಿತ್ತಾಡೋದು ಕೇಳಿಸ್ತಿತ್ತಪ್ಪ. ಇದಾದ್ರೆ ಯಾರಿಗೂ ತೊಂದ್ರೆ ಇರ್ಲಿಲ್ಲ" ಅಂದರು.

ಮರುದಿನ ಬೆಳಿಗ್ಗೆ ದಾವಣಗೆರೆ ಬಸ್ಸಿನಲ್ಲಿ ನಾವು ಮೂವರೂ ಇದ್ದೆವು.