ಎರಡನೆಯ ಲೈನು

ವಾಕಡ ಬಡಾವಣೆಯಲ್ಲಿ ಹಾಲಿನ ಡೇರಿಯ ಮಗ್ಗುಲಿಗೆ ನನ್ನ ಸಣ್ಣ ಇಂಟರ್ನೆಟ್ ಅಂಗಡಿ. ದೊಡ್ಡ ಕಂಪನಿಯಿಂದ ಸಗಟಾಗಿ ಕೊಂಡು ಸುತ್ತಲಿನ ಮನೆಗಳಿಗೆ ಚಿಲ್ಲರೆಯಾಗಿ ಹಂಚುವುದು ಕಸುಬು. ಬಹುಪಾಲು ಗಿರಾಕಿಗಳು ಒಂದೇ ಹೌಸಿಂಗ್ ಸೊಸೈಟಿಯವರು. ಅದು ಕೈಬಿಟ್ಟರೆ ಅಂಗಡಿಗೆ ಬೀಗ. ಇದು ನನಗೆ ಗೊತ್ತು. ನನ್ನ ದುರ್ದೈವಕ್ಕೆ ಸೊಸೈಟಿಯ ಸೆಕ್ರೆಟರಿಗೂ ಗೊತ್ತು.

ಅವರು ಸೊಲ್ಲಾಪುರ ಕಡೆಯ ಕನ್ನಡಿಗರು, ಬ್ಯಾಂಕಿನಿಂದ ನಿವೃತ್ತರಾದವರು. ರಸ್ತೆ ಅಗೆಯುವವರು ಕೇಬಲ್ ಕಡಿದಾಗಲೆಲ್ಲ ಮೊದಲ ಫೋನು ಅವರದೇ.

"ಇನ್ನೊಮ್ಮೆ ಬಂದ್ ಆತಂದ್ರ ಬ್ಯಾರೆಯವರನ್ನ ನೋಡ್ಕೋತೀವ್ರಿ," ಎಂದರು.

"ಇನ್ನೊಂದು ಕಂಪನಿ ಲೈನೂ ತಗೋತೀನ್ರಿ. ಒಂದು ಹೋದ್ರ ಇನ್ನೊಂದು ಅದ. ಒಂದನ್ನ ನಂಬಿ ಕೂಡಬಾರದು ನೋಡ್ರಿ," ಎಂದು ಅವರಿಗೇ ಉಪದೇಶ ಮಾಡಿದೆ.

ಹೇಳುವುದಕ್ಕೇನು! ಎರಡನೆಯ ಲೈನು ಸುಮ್ಮನೆ ಬಿದ್ದಿದ್ದರೂ ಬಾಡಿಗೆ ಪೂರ್ತಿ. ಎರಡೂ ಕಂಪನಿಗಳ ಜೊತೆ ಮಾತಾಡಬಲ್ಲ ದೊಡ್ಡ ರೌಟರ್ ಬೇರೆ. ಇಂಟರ್ನೆಟ್ಟಿನಲ್ಲಿ ಸ್ವಂತದ ವಿಳಾಸ ಬೇಕು, ಅದಕ್ಕೆ ಅರ್ಜಿ, ಅರ್ಜಿಗೆ ಶುಲ್ಕ. ರೌಟರ್ ಹೊಂದಿಸುವ ತಜ್ಞರು ಹೇಳಿದ ಮೊತ್ತ ಕೇಳಿ ಅವರಿಗೆ ಕೈಮುಗಿದೆ. ವಿಡಿಯೋ ನೋಡಿ ನಾನೇ ಹೊಂದಿಸಿದೆ. ಅದೇನು ಮಹಾ ಎಂಬ ಧಿಮಾಕು.

ನನ್ನನ್ನು ಉಳಿಸಬೇಕೋ ಬಿಡಬೇಕೋ ಎಂದು ಸೊಸೈಟಿ ಸಭೆ ಕರೆದ ಭಾನುವಾರವೇ ಎರಡನೆಯ ಲೈನು ಚಾಲೂ ಮಾಡಿದೆ. ಚಹಾ ಮುಗಿಯುವುದರೊಳಗೆ ಎಲ್ಲರ ಮನೆಯ ಇಂಟರ್ನೆಟ್ ತೆವಳತೊಡಗಿತು. ಲೈನು ಎರಡೂ ನೆಟ್ಟಗಿವೆ, ಆದರೆ ಎರಡೂ ತುಂಬಿ ತುಳುಕುತ್ತಿವೆ!

ನಮ್ಮ ಮನೆಗಳ ವಿಳಾಸವನ್ನಷ್ಟೇ ಹೊರಗೆ ಹೇಳು ಎಂದು ರೌಟರಿಗೆ ಕಟ್ಟು ಹಾಕುವುದನ್ನು ನಾನು ಮರೆತಿದ್ದೆ. ಅದು ಒಂದು ಕಂಪನಿಯಿಂದ ತಿಳಿದ ದಾರಿಗಳನ್ನೆಲ್ಲ ಇನ್ನೊಂದಕ್ಕೆ, 'ನಮ್ಮ ಮೂಲಕವೇ ಹೋಗಿ' ಎಂದು ಸಾರಿಬಿಟ್ಟಿತ್ತು. ಅಷ್ಟು ದೊಡ್ಡ ಕಂಪನಿಗಳು ಪರೀಕ್ಷಿಸದೆ ನಂಬಿದವು. ಅವರ ಗಿರಾಕಿಗಳ ದಟ್ಟಣೆಯೆಲ್ಲ ನನ್ನ ಅಂಗಡಿಯೊಳಗೆ ನುಗ್ಗಿತ್ತು.

ಲೆಕ್ಕಪತ್ರ ನೋಡಿಕೊಳ್ಳುವ ನನ್ನ ಹೆಂಡತಿಗೆ ಇದನ್ನು ವಿವರಿಸಿದೆ. "ಮುಂದೊಂದು ಹಿಂದೊಂದು ಬಾಗಲ ಅದ ಅಂತ ಊರ ಮಂದೀನೆಲ್ಲಾ ಪಡಸಾಲ್ಯಾಗ ಹಾಯಿಸೀರೇನ್ರಿ? ಮದಲ ಹಿಂದಿನ ಬಾಗಲ ಹಾಕ್ರಿ!" ಎಂದು ಚೀರಿದಳು. ಎರಡನೆಯ ಲೈನು ಕಿತ್ತೆ. ಎಲ್ಲ ಸರಿಹೋಯಿತು. ಅಷ್ಟರಲ್ಲಿ ಸಭೆಯೂ ಮುಗಿದಿತ್ತು.

ಸಂಜೆ ಸೆಕ್ರೆಟರಿ ನಗುತ್ತ ಅಂಗಡಿಗೇ ಬಂದರು. "ನಿಮ್ಮನ್ನೇನು ತಗದಿಲ್ರಿ," ಎಂದರು. ಹೋದ ಜೀವ ಬಂದಂತಾಯಿತು.

"ನೀವು ಅಂದದ್ದು ಖರೇ ಅದ, ಒಂದನ್ನ ನಂಬಿ ಕೂಡಬಾರದು. ಮೇನ್ ಲೈನ್ ಬ್ಯಾರೆ ಕಂಪನಿಗೆ ಕೊಟ್ಟೀವಿ. ನಿಮ್ಮದು ಎರಡನೇದು. ಅವರದು ಬಂದ್ ಆದ ದಿವಸ ನಿಮ್ಮದು ಹಚ್ಚತೀವಿ, ಆ ದಿವಸದ ರೊಕ್ಕ ಕೊಡ್ತೀವಿ."

"ಉಳಿದ ದಿವಸದ್ದು?"

"ಸುಮ್ಮನ ಬಿದ್ದ ಲೈನಿಗೆ ಯಾವ ಹುಚ್ಚ ರೊಕ್ಕ ಕೊಡ್ತಾನ್ರಿ?"

ಎರಡನೆಯ ಲೈನಿನ ಬಾಡಿಗೆ ಬರೆಯುತ್ತ ಕೂತಿದ್ದ ನನ್ನ ಹೆಂಡತಿ ನನ್ನ ಕಡೆ ಕೈ ತೋರಿಸಿ, "ಇವರು ಕೊಡ್ತಾರ್ರಿ," ಎಂದಳು.