ಮಟಮಟ ಮಧ್ಯಾಹ್ನದ ಕರೆ

ನನಗಾಗ ಹದಿನಾರು ವರ್ಷ. ತಂಗಿ ಕಲ್ಲೂರಿನ ನಮ್ಮ ಕೇರಿಯ ಬಾವಿಯಲ್ಲಿ ಮುಳುಗಿ ತೀರಿಕೊಂಡು ಮೂರು ತಿಂಗಳಾಗಿತ್ತು. ಒಂದು ಮಟಮಟ ಮಧ್ಯಾಹ್ನ ಅದೇ ಬಾವಿಯಲ್ಲಿ ನೀರು ಸೇದುತ್ತಿದ್ದೆ. ಸುತ್ತ ಯಾರೂ ಇರಲಿಲ್ಲ. ಕೆಳಗಿನಿಂದ, ಒದ್ದೆ ದನಿಯಲ್ಲಿ, "ಅಕ್ಕಾ" ಎಂದು ಅವಳು ಕರೆದಳು.

ಹಗ್ಗ ಬಿಟ್ಟು ಓಡಿದೆ. ಆಮೇಲೆ ದಿನಾ ಅದೇ ಹೊತ್ತಿಗೆ ಮನೆಯೊಳಗೂ ಕೇಳತೊಡಗಿತು, ಗಡಿಗೆಯೊಳಗಿಂದ, ತಂಬಿಗೆಯೊಳಗಿಂದ. ನೀರು ಕುಡಿಯಲೂ ಹೆದರಿದೆ. ಅಪ್ಪ ರಾಯಚೂರಿನ ದವಾಖಾನೆಗೆ ಕರೆದೊಯ್ದ. ಡಾಕ್ಟರು ಕೆಂಪು ಔಷಧ ಕೊಟ್ಟರು. ಕರೆ ನಿಲ್ಲಲಿಲ್ಲ.

ಆ ವರ್ಷವೇ ಸೋದರಮಾವ ರಂಗೂನಿನಿಂದ ಬಂದ. ಮಹಾಯುದ್ಧ ಅಲ್ಲಿಗೂ ಬಂದಾಗ ಕಾಡುಹಾದಿಯಲ್ಲಿ ನಡೆದು ಗಡಿ ದಾಟಿದವನು. ಜೊತೆಗೆ ಹೊರಟ ಅತ್ತೆ ಊರು ಸೇರಲಿಲ್ಲ. ರಂಗೂನಿನಲ್ಲಿದ್ದಾಗ ಒಂದು ವಿಹಾರದಲ್ಲಿ ಕಸ ಗುಡಿಸುತ್ತ, ಬೌದ್ಧ ಭಿಕ್ಷುವೊಬ್ಬರಿಂದ ಉಸಿರು ನೋಡುತ್ತ ಕೂಡುವುದನ್ನು ಕಲಿತಿದ್ದ.

ಅವನು ತಾಯಿತ ಕಟ್ಟಲಿಲ್ಲ. ನನ್ನನ್ನು ಬಾವಿಯ ಮೆಟ್ಟಿಲಿಗೇ ಕರೆದೊಯ್ದು ಕೂಡಿಸಿದ.

"ಓಡಬ್ಯಾಡವ್ವ. ಅಂಜಿಕಿ ಬಂತು ಅಂತ ಮನಸಿನಾಗ ಅನ್ನು. ಎಲ್ಲಿ ಕುಂತದ ನೋಡು, ಎದಿಯಾಗೋ, ಹೊಟ್ಟ್ಯಾಗೋ?"

"ಗಂಟಲಾಗ, ಮಾಮಾ."

"ಅಲ್ಲಿ ಏನದ?"

ಎಂಟು ಹತ್ತು ದಿನ ಇದೇ ಪ್ರಶ್ನೆ. ಕೊನೆಗೊಮ್ಮೆ ಬಾಯಿಂದ ಬಂತು: "ಆವತ್ತು ಆಕಿ ಕರದಿದ್ದು ನನಗ ಕೇಳಿಸಿತ್ತು. ಆಟ ಆಡಾಕತ್ತಾಳ ಅಂತ ನಾ ಹೋಗಲಿಲ್ಲ."

ಯಾರಿಗೂ ಹೇಳಿರದ ಮಾತು. ಮಾವ ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ನಾನು ಅತ್ತು ಮುಗಿಸುವ ತನಕ ಪಕ್ಕದಲ್ಲೇ ಕುಳಿತಿದ್ದ.

ಮರುದಿನ ಹೊತ್ತು ನೆತ್ತಿಗೆ ಬಂದರೂ ನನಗೇನೂ ಕೇಳಿಸಲಿಲ್ಲ. ಆದರೆ ಮಾವ ತಟ್ಟನೆ ನೀರಿನತ್ತ ಮುಖ ತಿರುಗಿಸಿದ.

"ಏನಾತು ಮಾಮಾ?"

"ನಿಮ್ಮತ್ತಿ ಕರದಳು," ಎಂದ. "ಕಾಡಿನಾಗ ಆಕಿಗೆ ನಡಿಯಾಕ ಆಗಲಿಲ್ಲ. ನೀರು ತರ್ತೀನಿ ಅಂತ ಹೇಳಿ ಹೋದೆ. ಹೊಳ್ಳಿ ಹೋಗಲಿಲ್ಲ."

ಎದ್ದು ಹೋಗಬೇಕೆನಿಸಿದರೂ ಹೋಗದೆ ಅವನ ಕೈ ಹಿಡಿದೆ.

"ಮುಂದ ಏನಾತು, ಹೇಳು."

ಬಿಸಿಲು ಇಳಿಯುವವರೆಗೂ ಅವನು ಹೇಳಿದ, ನಾನು ಕೇಳಿದೆ. ಅತ್ತೆಗೆ ಕೊನೆಗೆ ಏನಾಯಿತೆಂಬುದು ಮಾತ್ರ ಅವನಿಗೂ ಗೊತ್ತಿರಲಿಲ್ಲ.

ಮುಂದೆ ನಾನು ಮದುವೆಯಾಗಿ ಪೋತ್ನಾಳಕ್ಕೆ ಬಂದೆ. ಇಲ್ಲಿನ ಬಾವಿಯಲ್ಲೂ ವರ್ಷಕ್ಕೊಂದೆರಡು ಸಲ ತಂಗಿ ಕರೆದಳು. "ಇಲ್ಲೇ ಅದೀನಿ," ಎಂದು ಮೆಲ್ಲಗೆ ಹೇಳಿ ಕೊಡ ತುಂಬಿಕೊಂಡೆ.