ವರ್ನಿಟಾ ಗೆಲ್ಲಿಸಿದ ಕಾನೂನು

ಪಶ್ಚಿಮ ಫಿಲಡೆಲ್ಫಿಯಾದಲ್ಲಿ ಟ್ರಾಲಿ ಓಡುವ ಬೀದಿಯೊಂದರಲ್ಲಿ ವರ್ನಿಟಾ ಪಿಂಕ್ನಿಯ ತಿಂಡಿ ಅಂಗಡಿ. ಗಂಡ ಕಟ್ಟಿಸಿದ್ದು, ಅವನು ತೀರಿಹೋದ ಮೇಲೆ ಒಬ್ಬಳೇ ನಡೆಸಿಕೊಂಡು ಬಂದದ್ದು. ಕೈರುಚಿ ಚೆನ್ನ, ನಾಲಿಗೆ ಖಾರ, ಹೊಟ್ಟೆಕಿಚ್ಚಂತೂ ಹುಟ್ಟಿನಿಂದಲೇ ಬಂದಿತ್ತು. ಪಕ್ಕದ ಮನೆಯ ಕುಂಡದಲ್ಲಿ ತನ್ನದಕ್ಕಿಂತ ಮೊದಲು ಹೂವು ಬಿಟ್ಟರೂ ಆಕೆಗೆ ಊಟ ಸೇರುತ್ತಿರಲಿಲ್ಲ.

ಅಂಥವಳ ಎದುರಿಗೇ ಗಾಜಿನ ಗೋಡೆಯ ಕಾಫಿ ಅಂಗಡಿಯೊಂದು ಎದ್ದು ನಿಂತರೆ ಕೇಳಬೇಕೆ! ದಿನಾ ಬೆಳಿಗ್ಗೆ ಅಲ್ಲಿ ಸಾಲು. ಬಾಗಿಲಿಗೆ ಮಾತ್ರ ಒಂದು ಫಲಕ: 'ಕಾರ್ಡ್ ಇದ್ದರೆ ಬನ್ನಿ, ನಗದು ತೆಗೆದುಕೊಳ್ಳುವುದಿಲ್ಲ.' ಅದನ್ನು ಓದಿ ಮುಖ ಸಣ್ಣದು ಮಾಡಿಕೊಂಡವರು ಬೀದಿ ದಾಟಿ ಇವಳಲ್ಲಿಗೆ ಬರುತ್ತಿದ್ದರು. ಓಡೆಲ್ ಬಂದದ್ದೂ ಹಾಗೆಯೇ. ಮನೆಗಳ ಚಾವಣಿಗೆ ಟಾರು ಬಳಿಯುವವನು. ಕೂಲಿ ಕೈಗೇ ಸಿಗುತ್ತಿತ್ತು, ಬ್ಯಾಂಕಿನ ಮೆಟ್ಟಿಲು ಹತ್ತಿದವನಲ್ಲ. ಅಂದಿನಿಂದ ಎರಡು ವರ್ಷ ಬಾಗಿಲ ಹತ್ತಿರದ ಸ್ಟೂಲು ಅವನದೇ. ಅಂಚು ಗರಿಗರಿಯಾಗಿ ಕರಿದ ಹಂದಿಮಾಂಸದ ಬಿಲ್ಲೆ, ಎರಡು ಮೊಟ್ಟೆ.

"ಮಿಸ್ ವರ್ನಿಟಾ, ಇದನ್ನ ತಿಂದ್ರೆ ನಮ್ಮಮ್ಮ ನೆನಪಾಗ್ತಾಳೆ ನೋಡಿ."

"ಮುಚ್ಕೊಂಡು ತಿನ್ನು," ಎಂದು ಗದರಿ, ಆಕೆ ಒಳಗೆ ಹೋಗಿ ಕನ್ನಡಿ ನೋಡಿಕೊಳ್ಳುತ್ತಿದ್ದಳು.

ಎಲ್ಲ ಅಂಗಡಿಯೂ ನಗದು ತೆಗೆದುಕೊಳ್ಳಲೇಬೇಕೆಂಬ ಕಾನೂನಿನ ಮಾತು ನಗರಸಭೆಗೆ ಬಂದಾಗ, ವರ್ನಿಟಾ ಚರ್ಚಿಗೆ ಹಾಕುವ ಹ್ಯಾಟು ಹಾಕಿಕೊಂಡು ಹೋಗಿ ಮೈಕು ಹಿಡಿದಳು. "ಬಿಸಿಲಲ್ಲಿ ಬೆಂದು ದುಡಿದ ನಮ್ಮ ಓಡೆಲ್ ದುಡ್ಡು ದುಡ್ಡಲ್ವಂತೆ! ಅವನ ನೋಟಿಗೇನು ಕಜ್ಜಿ ಹತ್ತಿದ್ಯಾ?" ಸಭೆಗೆ ಸಭೆಯೇ ಚಪ್ಪಾಳೆ ತಟ್ಟಿತು. ನಿಜ ಹೇಳಬೇಕೆಂದರೆ ಆ ಮಾತಿನಲ್ಲಿ ನ್ಯಾಯ ಒಂದು ಪಾಲು, ಎದುರಿನ ಸಾಲು ಕಂಡು ಉರಿದ ಹೊಟ್ಟೆಯದು ಮೂರು ಪಾಲು.

ಜುಲೈಯಲ್ಲಿ ಕಾನೂನು ಜಾರಿಗೆ ಬಂತು. ಫಲಕ ಕೆಳಗಿಳಿಯಿತು. ವರ್ನಿಟಾ ಬಂದವರಿಗೆಲ್ಲ ಕೇಕು ಹಂಚಿದಳು.

ಮರುದಿನ ಓಡೆಲ್‌ನ ಸ್ಟೂಲು ಖಾಲಿ. ತಲೆಯೆತ್ತಿ ನೋಡಿದರೆ ಗಾಜಿನಾಚೆ ಅವನೇ! ಟೋಪಿ ತೆಗೆದು ಕೂತಿದ್ದಾನೆ, ಗುಲಾಬಿ ಬಣ್ಣದ ಕೂದಲಿನ ಹುಡುಗಿ ಲೋಟ ಇಟ್ಟು ಏನೋ ಹೇಳುತ್ತಾಳೆ, ಇಬ್ಬರೂ ನಗುತ್ತಾರೆ. ಆ ಹುಡುಗಿಗೆ ಅವನ ಮೊಮ್ಮಗಳ ವಯಸ್ಸು. ಅದು ವರ್ನಿಟಾಗೂ ಗೊತ್ತು. ಆದರೂ ಮೈಯೆಲ್ಲ ಉರಿದುಹೋಯಿತು.

ಬಸ್ಸು ಓಡಿಸುವ ಗೆಳತಿ ರೋಜೆಲಾ ಸುಮ್ಮನಿರುವವಳೇ? "ಕಾನೂನು ಮಾಡ್ಸಿ, ಗಂಡಸನ್ನ ಎದುರಂಗಡಿಗೆ ಧಾರೆ ಎರೆದು ಕೊಟ್ಯಲ್ಲೇ!"

"ಹೋಗ್ಲಿ ಬಿಡೇ, ನಂಗೇನು?" ಎಂದಳು ವರ್ನಿಟಾ. ಹಂಚಿನ ಮೇಲೆ ಮೊಟ್ಟೆ ಕರಕಲಾಗಿತ್ತು.

ವಾರವಿಡೀ ಅವನು ಈ ಕಡೆ ತಲೆ ಹಾಕಲಿಲ್ಲ. ತನ್ನ ಕಾಲ ಮೇಲೆ ತಾನೇ ಚಪ್ಪಡಿ ಎಳೆದುಕೊಂಡಿದ್ದಳು. ಹುಡುಗಿಯ ಮೇಲಿನ ಸಿಟ್ಟು ಹೇಗೋ ತಡೆಯಬಹುದಿತ್ತು. ತಡೆಯಲಾಗದ ಸಂಕಟ ಬೇರೆಯೇ ಇತ್ತು. ಇಷ್ಟು ದಿನ ಅವನು ಬಂದದ್ದು ತನಗಾಗಿಯೋ, ಬೇರೆ ಬಾಗಿಲು ತೆರೆದಿರಲಿಲ್ಲವೆಂದೋ? ಕೇಳುವುದಾದರೂ ಯಾರನ್ನು?

ಸೋಮವಾರ ಓಡೆಲ್ ಬಂದು ಸ್ಟೂಲಿನ ಮೇಲೆ ಕೂತ.

"ಏನು, ದಾರಿ ತಪ್ಪಿ ಬಂದ್ಯಾ? ಅಲ್ಲಿ ಕಾಫಿ ಕೆಟ್ಟುಹೋಯ್ತಾ?"

"ಇಲ್ಲ, ಚೆನ್ನಾಗೇ ಇದೆ. ನಿಮ್ದಕ್ಕಿಂತ ಚೆನ್ನಾಗಿದೆ."

"ಆ ಗುಲಾಬಿ ಕೂದಲಿನವಳು ರಜಾನಾ?"

"ಇದಾಳೆ. ಒಳ್ಳೆ ಹುಡುಗಿ. ಎಲ್ರಿಗೂ ನಗ್ತಾಳೆ."

"ಮತ್ತೆ ಇಲ್ಲೇನು ಕೆಲಸ ನಿಂಗೆ?" ವರ್ನಿಟಾ ಒರೆಸಿದ ತಟ್ಟೆಯನ್ನೇ ಮತ್ತೆ ಒರೆಸಿದಳು.

ಓಡೆಲ್ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ. "ಅಷ್ಟು ದಿನ ಅಲ್ಲಿ ಬಿಡಲ್ಲ ಅಂತ ಇಲ್ಲಿಗೆ ಬರ್ತಿದ್ದೆ, ಮಿಸ್ ವರ್ನಿಟಾ. ಈಗ ಎಲ್ಲಿಗೆ ಬೇಕಾದ್ರೂ ಹೋಗ್ಬಹುದು. ಅದಕ್ಕೇ ಬಂದೆ."

ಅವಳು ಬೆನ್ನು ತಿರುಗಿಸಿ ನಿಂತು, ಅಂಚು ಗರಿಗರಿಯಾಗುವ ತನಕ ಬಿಲ್ಲೆ ಕರಿದಳು. ತಿಂದು ಮುಗಿಸಿ ಅವನು ನೋಟು ಮುಂದಿಟ್ಟ. ಅವಳು ಹಿಂದಕ್ಕೆ ತಳ್ಳಿದಳು.

"ಇಲ್ಲಿ ನಗದು ತಗೊಳ್ಳಲ್ಲ."

"ಅಯ್ಯೋ, ನೀವೇ ಮಾಡ್ಸಿದ ಕಾನೂನು!"

"ಹೋಗಿ ದೂರು ಕೊಡು," ಎಂದಳು ವರ್ನಿಟಾ.